ಸಾಲು ಬಿಟ್ಟು ಇಳಿದ ಹೆಬ್ಬಾತಿನ ಬಗ್ಗೆ

ಸಹೃದಯ ಕನ್ನಡ ಬಳಗ, ನ್ಯೂಜೆರ್ಸಿ
ಪರಸ್ಪರ ಬೆಂಬಲ ಉಪಸಮಿತಿ

ಸುತ್ತೋಲೆ ಸಂಖ್ಯೆ: ಪಬೆಉ/ಹೆಬ್ಬಾತು/೭/೧೯೭೪
ದಿನಾಂಕ: ೨೫ ನವೆಂಬರ್ ೧೯೭೪

ವಿಷಯ: ಅನುಮತಿಯಿಲ್ಲದೆ ಕಾರು ನಿಲ್ಲಿಸಿ ಸಹಾಯ ಮಾಡಿದ ಬಗ್ಗೆ.

ಉಲ್ಲೇಖ: ಅಧ್ಯಕ್ಷ ಶ್ರೀ ದಿವಾಕರ ಅವರ 'ಹೆಬ್ಬಾತುಗಳಿಂದ ಕಲಿಯೋಣ' ಭಾಷಣ, ಪುಟ ೧ರಿಂದ ೩೪.

೧. ಕಳೆದ ೧೭ರ ಭಾನುವಾರ ಐಸೆಲಿನ್‌ನ ಶಾಲೆಯೊಂದರಲ್ಲಿ ದೀಪಾವಳಿ ಕೂಟವಿದ್ದು, ಸೀಕಾಕಸ್‌ನಿಂದ ಐದು ಕಾರುಗಳು ಹೆಬ್ಬಾತುಗಳಂತೆ ಸಾಲಾಗಿ ಹೊರಡತಕ್ಕದ್ದೆಂದು ತಿಳಿಸಲಾಗಿತ್ತು. ಮುಂದಿರುವ ಹಕ್ಕಿಯೇ ಗಾಳಿಯನ್ನೆಲ್ಲ ತಡೆಯಬೇಕಾದ್ದರಿಂದ, ಆ ಗೌರವವನ್ನು ಬಳಗಕ್ಕೆ ಹೊಸಬರಾದ ಶ್ರೀ ಪಂಚಾಕ್ಷರಯ್ಯ ಅವರ ಹಳೆಯ ಕಾರಿಗೆ ನೀಡಲಾಗಿತ್ತು.

೨. ಸದರಿ ಕಾರು ನೆವಾರ್ಕ್ ಬಳಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಹೊಗೆಯುಗುಳಿ ನಿಂತಿತು. ಒಳಗೆ ಅವರ ಪತ್ನಿ, ತುಂಬು ಗರ್ಭಿಣಿ ಶ್ರೀಮತಿ ಶೈಲಮ್ಮ ಇದ್ದರು. ನಿಲ್ಲುವ ಮೊದಲು ಉಪಸಮಿತಿಯ ಒಪ್ಪಿಗೆ ಪಡೆದಿರಲಿಲ್ಲ.

೩. ಹೆಬ್ಬಾತುಗಳು ಕೂಗುವುದು ಮುಂದಿನವರನ್ನು ಹುರಿದುಂಬಿಸಲು (ಪುಟ ೧೯). ಅದರಂತೆ ಹಿಂದಿದ್ದ ಸಮಿತಿಯ ಮೂರೂ ಕಾರುಗಳು ಒಟ್ಟು ಹನ್ನೊಂದು ಬಾರಿ ಹಾರ್ನ್ ಮಾಡಿ ಮುಂದೆ ಸಾಗಿದವು. ಇಷ್ಟಾದರೂ ಎಂಜಿನ್ ಸ್ಟಾರ್ಟ್ ಆಗದಿದ್ದುದಕ್ಕೆ ಸಮಿತಿ ಹೊಣೆಯಲ್ಲ.

೪. ಕೊನೆಯ ಕಾರಿನ ಶ್ರೀಮತಿ ಕೌಸಲ್ಯಾ ಮಾತ್ರ ನಿಲ್ಲಿಸಿರುತ್ತಾರೆ. ಶೈಲಮ್ಮನವರಿಗೆ ನೋವು ಶುರುವಾಗಿದೆಯೆಂಬ ಒಂದೇ ಕಾರಣಕ್ಕೆ ದಂಪತಿಯನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಿರುತ್ತಾರೆ. ತಮ್ಮ ಕಾರಿನ ಡಿಕ್ಕಿಯಲ್ಲಿ ನೂರಿಪ್ಪತ್ತು ಮಂದಿಯ ಬಿಸಿಬೇಳೆಭಾತ್ ಇದ್ದುದನ್ನು ಅವರು ಪರಿಗಣಿಸಿಲ್ಲ. ಇದರಿಂದ ಪರಸ್ಪರ ಬೆಂಬಲ ಕುರಿತ ಮೂವತ್ತನಾಲ್ಕು ಪುಟಗಳನ್ನು ಸಭಿಕರು ಹಸಿದ ಹೊಟ್ಟೆಯಲ್ಲಿ ಕೇಳಬೇಕಾಯಿತು. ಭಾತನ್ನು ಆಸ್ಪತ್ರೆಯಲ್ಲಿ ಹಂಚಲಾಗಿದ್ದು, ಮಾರ್ಗರೆಟ್ ಎಂಬ ನರ್ಸ್ ಎರಡು ಸಲ ಹಾಕಿಸಿಕೊಂಡರೆಂದು ತಿಳಿದುಬಂದಿದೆ. ಸಂಜೆ ಐದೂ ನಲವತ್ತಕ್ಕೆ ಹೆಣ್ಣು ಮಗು ಜನಿಸಿತು. ಇಬ್ಬರೂ ಕ್ಷೇಮ.

೫. ಹೆಬ್ಬಾತೊಂದು ಕಾಯಿಲೆ ಬಿದ್ದರೆ ಎರಡು ಹೆಬ್ಬಾತುಗಳು ಜೊತೆಗೆ ಇಳಿಯುತ್ತವೆ (ಪುಟ ೨೬). ಕೌಸಲ್ಯಾ ಅವರು ಒಬ್ಬರೇ ಇಳಿದಿರುವುದರಿಂದ ಸದರಿ ಸಹಾಯವು ನಿಯಮಬಾಹಿರವೆಂದು ತೀರ್ಮಾನಿಸಲಾಗಿದೆ. ಎರಡನೆಯ ಹೆಬ್ಬಾತು ಯಾರಾಗಬೇಕಿತ್ತೆಂಬ ಪ್ರಶ್ನೆ ಬಂದಾಗ ಸದಸ್ಯರೆಲ್ಲರೂ ಕಾಫಿಗೆ ಎದ್ದ ಕಾರಣ ಚರ್ಚೆಯನ್ನು ಮುಂದೂಡಲಾಗಿದೆ.

೬. ವಿವರಣೆ ಕೇಳಲಾಗಿ ಕೌಸಲ್ಯಾ ಅವರು, "ಆಕೆ ನನ್ನ ಕೈ ಬಿಡ್ಲಿಲ್ಲ. ನಾನೂ ಬಿಡಿಸ್ಕೊಳ್ಳಲಿಲ್ಲ," ಎಂದಷ್ಟೇ ಹೇಳಿರುತ್ತಾರೆ. ಪುಟಸಂಖ್ಯೆಯ ಉಲ್ಲೇಖವಿಲ್ಲದ ಕಾರಣ ಇದನ್ನು ಒಪ್ಪಲಾಗಿಲ್ಲ.

೭. ಇನ್ನು ಮುಂದೆ ಸಹಾಯ ಬಯಸುವವರು ಕಾರು ಕೆಡುವ ಹದಿನೈದು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹೆರಿಗೆಗೆ ಪ್ರತ್ಯೇಕ ನಮೂನೆಯಿದೆ.

ಸಹಿ/-
ದ್ವಾರಕಾನಾಥ
ಕಾರ್ಯದರ್ಶಿ (ಎರಡನೆಯ ಕಾರು)

ಪ್ರತಿಗಳು:
ಅಧ್ಯಕ್ಷರಿಗೆ, ಪುಟ ೩೫ ಸಿದ್ಧವಾಗುತ್ತಿರುವುದರಿಂದ, ಮಾಹಿತಿಗಾಗಿ.
ಶ್ರೀ ಪಂಚಾಕ್ಷರಯ್ಯ ಅವರಿಗೆ, ಮುಂದಿನ ಕೂಟಕ್ಕೂ ಅವರೇ ಮುಂದಾಳು ಎಂಬ ಅಭಿನಂದನೆಯೊಂದಿಗೆ.
ಶ್ರೀಮತಿ ಕೌಸಲ್ಯಾ ಅವರಿಗೆ, ಮಗುವಿಗೂ ಕೌಸಲ್ಯಾ ಎಂದೇ ಹೆಸರಿಡುವ ಸಮಾರಂಭವು ಬರುವ ಭಾನುವಾರ ಹ್ಯಾರಿಸನ್‌ನಲ್ಲಿರುವ ಇವರದೇ ಮನೆಯಲ್ಲಿ ನಡೆಯಲಿದ್ದು, ಸಮಿತಿಯ ಯಾರಿಗೂ ಕರೆ ಬಂದಿಲ್ಲವೆಂಬ ಜ್ಞಾಪನೆಯೊಂದಿಗೆ.