ಕೀಲೆಣ್ಣೆ ಕಾಣದ ಬಂಡಿ

ಆ ಬಂಡಿಯ ಎಡಗಾಲಿ ಮಾತ್ರ ಕಿರುಚುತ್ತಿತ್ತು. ಬಲಗಾಲಿ ನಮ್ಮ ಮನೆಯ ಗಂಡಸರಂತೆ ತೆಪ್ಪಗಿತ್ತು.

ಬಂಡಿ ನನ್ನ ಸೋದರತ್ತೆಯದು. ದುಡ್ಡು ಕೊಡುತ್ತೇನೆಂದು ಬಂದವರನ್ನು ಓಡಿಸುವುದರಲ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಅವಳಿಗೆ ಸರಿಸಾಟಿಯಿರಲಿಲ್ಲ! ಸ್ವಾತಂತ್ರ್ಯ ಬಂದ ಹೊಸತು. ಕುರುಗೋಡಿನಲ್ಲಿ ಅವಳು ನಡೆಸುತ್ತಿದ್ದ ಹೆರಿಗೆಮನೆಗೆ ಇದ್ದದ್ದು ಒಬ್ಬಳೇ ನರ್ಸಮ್ಮ. ಸಂಬಳವಿಲ್ಲದೆ ಆಕೆಯೂ ತಿಂಗಳ ಕೊನೆಗೆ ಹೊರಡುವವಳಿದ್ದಳು. ಆಕೆ ಹೋದರೆ ಬಾಗಿಲಿಗೆ ಬೀಗ. ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದ ನನಗೆ ಅತ್ತೆ ಒಪ್ಪಿಸಿದ ಕೆಲಸ ದಾನಿಗಳನ್ನು ಹುಡುಕುವುದು. ಆರಿಸುವುದು ಮಾತ್ರ ಅವಳೇ. ಹೇಗೆ ಅಂತೀರಿ? ಬಾದನಹಟ್ಟಿಯಿಂದ ಕುರುಗೋಡಿನವರೆಗೆ, ಬಸುರಿಯರು ಬರುವ ಹಾಗೆಯೇ, ದಾನಿ ಆ ಬಂಡಿಯಲ್ಲಿ ಮಲಗಿಕೊಂಡು ಬರಬೇಕು! ಕೂತರೆ ಲೆಕ್ಕಕ್ಕಿಲ್ಲ.

ಮೊದಲು ಬಂದವರು ಬಳ್ಳಾರಿ ಬ್ರೂಸ್‌ಪೇಟೆಯ ಹತ್ತಿ ವ್ಯಾಪಾರಿ. ಹೊಸ ಕೋಣೆ ಕಟ್ಟಿಸುತ್ತಾರಂತೆ; ಅದರಲ್ಲಿ ಅವರ ತಾಯಿಯ ದೊಡ್ಡ ಪಟ ತೂಗುಹಾಕಬೇಕಂತೆ. ಮೊದಲ ಕೊರಕಲಿಗೇ ರುಮಾಲು ಹಿಡಿದುಕೊಂಡು ಎದ್ದು ಕೂತರು.

“ಅಮ್ಮಾ, ನನ್ನ ಸೊಂಟ ಹೋತು!”

ಮುಂದೆ ಕೂತಿದ್ದ ಅತ್ತೆ ಅಂದಳು: “ನಿಮಗ ಸೊಂಟ ಹೋತು. ಇದರಾಗ ಬರೋರಿಗೆ ಜೀವಾನ ಹೋಗ್ತೈತ್ರಿ. ಆ ಪಟಾನೂ ನಿಮ್ಮ ಮನ್ಯಾಗ ಇಟ್ಕೊಳ್ರಿ. ಹೆರೋ ಹೊತ್ತಿನ್ಯಾಗ ಯಾವ ಅತ್ತಿನೂ ಮ್ಯಾಲಿಂದ ದುರುಗುಟ್ಟಿ ನೋಡಬಾರದು!”

ಆಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯ ಧಣಿ. ಹುಲ್ಲಿನ ಮೇಲೆ ಮಲಗಿದವರು, ಮುಖಕ್ಕೆ ಕೊಡೆ ಮರೆಮಾಡಿಕೊಂಡು, ಗಾಲಿಗೆ ಪೈಪೋಟಿಯಾಗಿ ಗೊರಕೆ ಹೊಡೆಯುತ್ತಾ ಕುರುಗೋಡು ಮುಟ್ಟಿದರು! ನರ್ಸಮ್ಮ ಉಳಿದಳೆಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಧಣಿ ಇಳಿದವರೇ ಷರತ್ತು ಹೇಳಿದರು: “ಕೂಲಿ ಹೆಂಗಸ್ರಿಗೆ ಹಿಂದ ಒಂದು ಚಪ್ಪರ ಹಾಕ್ರಿ. ಒಳಗ ನಮ್ಮಂಥೋರು ಇರ್ಲಿ.”

ಅತ್ತೆ ಅವರ ಬೆನ್ನಿಗಂಟಿದ್ದ ಹುಲ್ಲನ್ನು ತೋರಿಸಿದಳು. “ಧಣ್ಯಾರ, ಆ ಹುಲ್ಲಿನ ಮ್ಯಾಲ ನಿನ್ನಿ ಒಬ್ಬ ಕೂಲಿಯಾಕಿ ಮಲಗಿ ಬಂದಾಳ. ನಿಮಗ ಚಲೋ ನಿದ್ದಿ ಬಂತಲ್ರೀ?”

ಧಣಿ ಕೊಡೆ ಮರೆತು ಹೊರಟೇಹೋದರು. ಅಲ್ಲಿಯವರೆಗೆ ವಸೂಲಾದ ದೇಣಿಗೆ ಅದೊಂದೇ!

ಉಳಿದದ್ದು ಸರ್ಕಾರದ ಅನುದಾನ. ಅದನ್ನು ಮಂಜೂರು ಮಾಡುವ ಸಾಹೇಬರು ಊರ ಬಂಗಲೆಯಲ್ಲಿ ಮುಕ್ಕಾಂ ಮಾಡಿದ್ದರು; ಮರುದಿನ ತಪಾಸಣೆ. ಹೆರಿಗೆಮನೆಯ ಬಾಗಿಲಿನವರೆಗೂ ಮೋಟಾರು ಬರುತ್ತದೆಂದು, ಅತ್ತೆಗೆ ತಿಳಿಸದೆ, ನಾನು ಅವರಿಗೆ ಹೇಳಿ ಕಳಿಸಿದ್ದೆ. ಆ ಸಂಜೆ ತಡೆಯಲಾಗದೆ ಕೂಗಾಡಿದೆ: “ಅತ್ತಿ, ಎಲ್ಲಾರನ್ನೂ ಓಡಿಸಿದಿ! ಕಡೀಕ ಆ ಗಾಲಿಗರ ಕೀಲೆಣ್ಣಿ ಹಾಕಸು. ಕಿವಿ ತೂತು ಬೀಳ್ತಾವ!”

ಅತ್ತೆ ಎತ್ತುಗಳಿಗೆ ಮೇವು ಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.

“ನಿಮ್ಮವ್ವನ್ನ ಬಳ್ಳಾರಿ ದವಾಖಾನಿಗೆ ಒಯ್ಯೋ ದಿನ ಎಣ್ಣಿ ಹಾಕಿದ್ವಿ. ಬಂಡಿ ಸಪ್ಪಳಿಲ್ಲದ ಹೋತು. ನರಳಿದ್ರ ಹಾದಿಮಂದಿ ಕೇಳ್ತಾರಂತ ನಾಚಿ, ಅಕಿ ಸೆರಗು ಕಚ್ಚಿಕೊಂಡು ಮಲಗಿಬಿಟ್ಳು. ನೋವು ಎಷ್ಟೈತಿ ಅಂತ ನಮಗ ತಿಳೀಲೇ ಇಲ್ಲ. ಗಾಲಿ ಒದರಿದ್ರ ಹೆಂಗಸ್ರೂ ಒದರಬೋದು, ಬಿ.ಎ. ಅವ್ವಾ.”

ನನ್ನನ್ನು ಹೆತ್ತ ದಿನವೇ ಅವ್ವ ತೀರಿಕೊಂಡಳೆಂದು ಗೊತ್ತಿತ್ತು. ಅವಳ ಬಾಯಲ್ಲಿ ಸೆರಗಿತ್ತೆಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಂಡಿಗೆ ಹೊಸ ಹುಲ್ಲು ಹಾಸಿಸಿ, ಊರಿಗೆಲ್ಲ ಕೇಳುವಂತೆ ಓಡಿಸಿಕೊಂಡು ಹೋಗಿ, ಬಂಗಲೆಯ ಮೆಟ್ಟಿಲ ಮುಂದೆ ನಿಲ್ಲಿಸಿದೆ. ಸಾಹೇಬರು ಮೋಟಾರಿನ ಬಾಗಿಲಿಗೆ ಕೈಹಾಕಿದ್ದರು.

“ಮೋಟಾರು ಬ್ಯಾಡ್ರಿ, ಸಾಹೇಬ್ರ,” ಎಂದೆ. “ಬಾದನಹಟ್ಟಿಗೆ ಹೋಗಿ ಬರೋಣು. ಇದರಾಗ ಮಲಗ್ರಿ.”