ಒಂದು ಒಳಗೆ, ಎರಡು ಹೊರಗೆ

ಸಾಕು ಮೇಷ್ಟ್ರು ಬರೆದ ಪುಸ್ತಕದ ಇಪ್ಪತ್ತೈದು ಪ್ರತಿಗಳು ಅವರದೇ ಮನೆಯ ಹೊಸ್ತಿಲು ದಾಟಲಾರದೆ ಎರಡು ರಟ್ಟಿನ ಡಬ್ಬಗಳಲ್ಲಿ ಜಗಲಿಯ ಮೇಲೆ ಕೂತಿದ್ದವು. ಪುಸ್ತಕ ಬರೆದವರೂ ಅವರೇ, ಅದನ್ನು ತಡೆದ ಕಾನೂನು ಬರೆದವರೂ ಅವರೇ. ಇನ್ನು ಯಾರ ಮೇಲೆ ರೇಗುವುದು?

ಎಲ್ಲದಕ್ಕೂ 'ಸಾಕು' ಅನ್ನುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ವಿಶ್ವವಿದ್ಯಾಲಯದಲ್ಲಿ ಅವರು ಹನ್ನೆರಡು ವರ್ಷಗಳಿಂದ ಎರಡೇ ಪ್ರಶ್ನೆ ಹಿಡಿದು ಜಗ್ಗುತ್ತಿದ್ದರು. ಆರ್ಥಿಕ ಬೆಳವಣಿಗೆಯ ಬೆನ್ನು ಹತ್ತದೆ ಜಗತ್ತು ನೆಮ್ಮದಿಯಾಗಿ ಬಾಳುವುದು ಹೇಗೆ? ಭೂಮಿ ಉಳಿಸುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಮನೆಗೆ ಹೋದಮೇಲೆ ಅದನ್ನು ಮರೆಯುವುದೇಕೆ? (ಎರಡನೆಯದಕ್ಕೆ ಉತ್ತರ ಸಿಕ್ಕಿರಲಿಲ್ಲ. ಡಬ್ಬ ಬಂದ ಆ ದಿನ ಸಿಕ್ಕಿತು.)

ಮೂರು ತಿಂಗಳ ಹಿಂದೆ ಹೆಂಡತಿ ಹೊಸ ಬಾಣಲೆ ಕೇಳಿದಾಗ ಮೇಷ್ಟ್ರಿಗೆ ಮಹದಾಲೋಚನೆ ಹೊಳೆಯಿತು. 'ಗೃಹ ಸುಸ್ಥಿರತಾ ಮಹಾ ಒಪ್ಪಂದ' ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಒಂದು ವಸ್ತು ಒಳಗೆ ಬರಬೇಕಾದರೆ, ತಂದವರದೇ ಅದೇ ಬಗೆಯ ಎರಡು ವಸ್ತು ಹೊರಗೆ ಹೋಗಬೇಕು. ಯಾರಿಗೂ ವಿನಾಯಿತಿ ಇಲ್ಲ. ಮನೆಮಂದಿಯೆಲ್ಲ ಸಹಿ ಹಾಕಿದರು. ಹೆಂಡತಿಗೆ ಇದ್ದದ್ದೇ ಒಂದು ಬಾಣಲೆಯಾದ್ದರಿಂದ ಹಿಡಿ ಮುರಿದ ಅದನ್ನೇ ಬಟ್ಟೆ ಸುತ್ತಿ ಹಿಡಿದು ಅಡುಗೆ ಮಾಡುತ್ತಿದ್ದಳು. ಮನೆಯಲ್ಲೇ ಇದ್ದ ಮೇಷ್ಟ್ರ ಅತ್ತೆ ಹೊಸ ಊರುಗೋಲಿಗಾಗಿ ಬಿರುಕುಬಿಟ್ಟ ಹಳೆಯ ಕೋಲಿನ ಜೊತೆ ತಮ್ಮ ಉದ್ದನೆಯ ಛತ್ರಿಯನ್ನೂ ಕೋಲಿನ ಲೆಕ್ಕಕ್ಕೆ ಸೇರಿಸಿ ತ್ಯಾಗಮಾಡಿದ್ದರು. ಆವತ್ತಿನಿಂದ ಒಪ್ಪಂದ ಅವರಿಗೆ ಬಾಯಿಪಾಠ. ಮೇಷ್ಟ್ರು ಈ ಅಮೋಘ ಯಶಸ್ಸನ್ನು ಪತ್ರಿಕೆಯಲ್ಲಿ ಲೇಖನವಾಗಿಯೂ ಬರೆದಿದ್ದರು.

"ಇಪ್ಪತ್ತೈದು ಬಂದಿವೆ, ಐವತ್ತು ಹೋಗ್ಬೇಕು," ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಆರಿಸಿ ಕೊಡಿ, ಗ್ರಂಥಾಲಯಕ್ಕೆ ಕೊಟ್ಟು ಬರ್ತೀನಿ."

"ಅಲ್ವೇ, ಇದು ನಾನೇ ಬರ್ದಿದ್ದು ಕಣೇ. ಇದು ವಸ್ತು ಅಲ್ಲ, ವಿಚಾರ."

"ವಿಚಾರ ಆದ್ರೆ ತಲೇಲಿಟ್ಕೊಂಡು ಬನ್ನಿ. ಡಬ್ಬ ಯಾಕೆ?"

"ಸಂಜೆ ಐದಕ್ಕೆ ನಮ್ಮ ವಿಭಾಗದ ಮುಖ್ಯಸ್ಥರು ಬರ್ತಾರೆ. ಜಾಗತಿಕ ಸಮ್ಮೇಳನಕ್ಕೆ ಯಾರನ್ನ ಕಳಿಸ್ಬೇಕು ಅಂತ ತೀರ್ಮಾನ ಮಾಡೋರು ಅವರೇ. ಪುಸ್ತಕ ಕಪಾಟಲ್ಲಿ ಸಾಲಾಗಿ ಕಾಣ್ಬೇಕು. ಇವತ್ತೊಂದು ದಿನದ ಮಟ್ಟಿಗೆ..."

"ನಾನು ಛತ್ರಿ ಕೊಟ್ಟಾಗ ಹೊರಗೆ ಮಳೆ ಸುರೀತಿತ್ತು," ಅತ್ತೆ ಒಳಗಿನಿಂದಲೇ ಅಂದರು. "ಒಂದು ದಿನದ ಮಟ್ಟಿಗೆ ಅಂತ ನಾನೇನಾದ್ರೂ ಕೇಳಿದ್ನಾ?"

ಮೇಷ್ಟ್ರು ಕಪಾಟಿನ ಮುಂದೆ ಕೂತರು. ಒಂದೊಂದು ಪುಸ್ತಕವನ್ನೂ ತೆಗೆಯುವುದು, ಎದೆಗೊತ್ತಿಕೊಳ್ಳುವುದು, ಅಲ್ಲೇ ಇಡುವುದು. ಬೇಡದ್ದನ್ನು ಬಿಡುವುದು ಎಷ್ಟು ಹಗುರವೆಂದು ಏಳನೆಯ ಅಧ್ಯಾಯದಲ್ಲಿ ಬರೆದಿದ್ದವರಿಗೆ ನಿಜಕ್ಕೂ ಅಳು ಬಂತು. ಐದು ಹೊಡೆಯುವ ಹೊತ್ತಿಗೆ ಆರಿಸಿದ್ದು ಒಂದೇ ಒಂದು: ಹಳೆಯ ರೈಲು ವೇಳಾಪಟ್ಟಿ.

ಅಷ್ಟರಲ್ಲಿ ಮುಖ್ಯಸ್ಥರು ಬಂದೇಬಿಟ್ಟರು. ಜಗಲಿಯಲ್ಲಿ ಅತ್ತೆ ಒಂದು ಡಬ್ಬದ ಮೇಲೆ ಆರಾಮವಾಗಿ ಕೂತಿದ್ದರು. ಮಂಡಿಗೆ ಹಿತವಾಗಿದೆ ಎಂದು ಹೇಳಿ ಮುಖ್ಯಸ್ಥರನ್ನೂ ಇನ್ನೊಂದರ ಮೇಲೆ ಕೂರಿಸಿದರು.

"ಎಲ್ರೀ ನಿಮ್ಮ ಪುಸ್ತಕ?"

"ಅದರ ಮೇಲೇ ಕೂತಿದೀರಿ, ಸರ್," ಮೇಷ್ಟ್ರು ಪಾಪದ ದನಿಯಲ್ಲಿ ಹೇಳಿದರು. ಅತ್ತೆ ಬಾಣಲೆಯಿಂದ ಛತ್ರಿಯವರೆಗಿನ ಕಥೆಯನ್ನು ಒಂದು ಕಲಮೂ ಬಿಡದೆ ಒಪ್ಪಿಸಿದರು. ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಶುಭಗಳಿಗೆಯೆಂದು ಮೇಷ್ಟ್ರು ಒಂದು ಪ್ರತಿ ತೆಗೆದು ಎರಡೂ ಕೈಯಲ್ಲಿ ಚಾಚಿದರು.

ಮುಖ್ಯಸ್ಥರ ನಗು ನಿಂತಿತು. ಕೈ ಬೆನ್ನ ಹಿಂದೆ ಹೋಯಿತು.

"ಬೇಡ ಕಣ್ರೀ. ನಿಮ್ಮ ಲೇಖನ ನಮ್ಮನೆಯವಳು ಕತ್ತರಿಸಿ ಬಾಗಿಲಿಗೆ ಅಂಟಿಸಿದಾಳೆ. ಇದೊಂದು ಒಳಗೆ ಹೋದ್ರೆ ನನ್ನವು ಎರಡು ಹೋಗ್ತವೆ."

"ಮತ್ತೆ... ಸಮ್ಮೇಳನ, ಸರ್?"

"ಅದನ್ನೇ ಯೋಚಿಸ್ತಿದೀನಿ. ಒಪ್ಪಂದ ಬರೆಯೋರು ಸಮ್ಮೇಳನದವರ ಹತ್ರ ಬೇಕಾದಷ್ಟು ಜನ ಇದಾರಂತೆ. ಜಾರಿ ಮಾಡಿ ತೋರಿಸಿದೋರನ್ನ ಕಳಿಸಿ ಅಂತ ಬರ್ದಿದಾರೆ." ಅವರು ಪಕ್ಕದ ಡಬ್ಬದ ಕಡೆ ತಿರುಗಿದರು. "ಅಮ್ಮಾ, ನಿಮಗೆ ಎರಡು ದಿನದ ರೈಲು ಪ್ರಯಾಣ ಆಗುತ್ತಾ?"

ಅತ್ತೆ ಕೋಲು ಊರಿ ನೆಟ್ಟಗೆ ಕೂತರು.

"ಆಗದೆ ಏನಪ್ಪ. ಆದ್ರೆ ಅಲ್ಲಿ ಮಳೆ ಗಿಳೆ ಬರುತ್ತೇನೋ. ನನ್ನ ಹತ್ರ ಛತ್ರಿ ಇಲ್ಲ."

ಮೇಷ್ಟ್ರು ಒಳಗೆ ಹೋಗಿ ತಮ್ಮ ಛತ್ರಿ ತಂದುಕೊಟ್ಟರು. ಜೊತೆಗೆ ರೈಲು ವೇಳಾಪಟ್ಟಿಯನ್ನೂ.