ಪೇಪರಿನಲ್ಲಿ ಉಂಟಾ?

ಈ ಬರಹವನ್ನು ಆರಂಭಿಸುವ ಮೊದಲು ಓದುಗರಲ್ಲಿ ಕ್ಷಮೆ ಯಾಚಿಸುವುದು ಉಚಿತವೆಂದು ಭಾವಿಸುತ್ತೇನೆ. ನಮ್ಮ ಮನೆಯ ಮಾತು ತುಳು, ಪೇಟೆಯ ಮಾತು ಅರ್ಧ ಕನ್ನಡ ಅರ್ಧ ಬ್ಯಾರಿ, ನಾನು ಪರೀಕ್ಷೆ ಬರೆದು ಪದವಿ ಪಡೆದದ್ದು ಇಂಗ್ಲಿಷಿನಲ್ಲಿ. ಹೀಗೆ ಹಲವು ಕೆರೆಗಳ ನೀರು ಕುಡಿದವನ ಕನ್ನಡದಲ್ಲಿ ದೋಷಗಳು ನುಸುಳುವುದು ಸಹಜ. ಮನೆಯಲ್ಲಿ ತುಳುವಿನಲ್ಲಿ ನಡೆದ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಏನಾದರೂ ಸೋರಿಹೋಗಿದ್ದರೆ ಅದಕ್ಕೂ ಕ್ಷಮೆ ಇರಲಿ. ಆದರೆ ಏನನ್ನೂ ಸೇರಿಸಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ನನ್ನ ಪ್ರಮಾಣಕ್ಕೆ ನಮ್ಮ ಮನೆಯಲ್ಲಿ ಈಗ ಎಷ್ಟು ಬೆಲೆ ಇದೆ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ವಂಶದಲ್ಲಿ ಬಿ.ಎ. ಎಂಬ ಎರಡಕ್ಷರವನ್ನು ಹೆಸರಿನ ಮುಂದೆ ಬರೆದುಕೊಂಡ ಮೊದಲಿಗ ನಾನು. ಅದರ ಭಾರ ಎಷ್ಟೆಂಬುದು ಮೊದಲಿಗರಿಗೇ ಗೊತ್ತು. ರಜೆಯ ಅರ್ಜಿಯನ್ನು ಸಹ ಮೂರು ಸಲ ಕರಡು ಬರೆದು, ನಾಲ್ಕನೆಯ ಸಲ ನಕಲು ತೆಗೆದು, ಕೊಟ್ಟ ಮೇಲೆ 'ವಿನಂತಿಸುತ್ತೇನೆ' ಎಂದಿರಬೇಕಿತ್ತೋ 'ಪ್ರಾರ್ಥಿಸುತ್ತೇನೆ' ಎಂದಿರಬೇಕಿತ್ತೋ ಎಂದು ಊಟ ಸೇರದೆ ಒದ್ದಾಡುವ ಜಾತಿ ನನ್ನದು. ಸುಳ್ಯದ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ತಂದೆಯವರಾದ ಐತಪ್ಪನವರು ಪುತ್ತೂರಿಗೂ ಸುಳ್ಯಕ್ಕೂ ನಡುವೆ ಎತ್ತಿನ ಗಾಡಿ ಹೊಡೆದು ನನ್ನನ್ನು ಓದಿಸಿದವರು. ಲಾರಿಗಳು ಬಂದ ಮೇಲೆ ಗಾಡಿ ಜಗಲಿಯ ಪಕ್ಕದಲ್ಲಿ ಮೂಕಿಮರವನ್ನು ನೆಲಕ್ಕೆ ಊರಿ ನಿಂತಿತು, ತಂದೆಯವರು ಜಗಲಿಯಲ್ಲಿ ಕುಳಿತರು. ಅವರಿಗೆ ಅಕ್ಷರ ಬರುವುದಿಲ್ಲ. ಆದರೆ ಅಕ್ಷರದ ಮೇಲೆ, ಅದರಲ್ಲೂ ಅಚ್ಚಾದ ಅಕ್ಷರದ ಮೇಲೆ, ಅವರಿಗಿದ್ದಷ್ಟು ಭಕ್ತಿಯನ್ನು ನಾನು ಪ್ರಾಧ್ಯಾಪಕರಲ್ಲಿಯೂ ಕಂಡಿಲ್ಲ.

ಸರಕಾರದ ವಿಷಯದಲ್ಲಿ ಮಾತ್ರ ಅವರು ನಾಸ್ತಿಕರು. ಅದಕ್ಕೆ ಕಾರಣವಿತ್ತು. ನಮ್ಮ ಹೊಳೆಗೆ ಸೇತುವೆ ಕಟ್ಟಿಸುತ್ತೇವೆಂದು ದೊಡ್ಡ ಅಧಿಕಾರಿಯೊಬ್ಬರು ಬಂದಾಗ, ಶಂಕುಸ್ಥಾಪನೆಯ ಕಲ್ಲನ್ನು ಪುತ್ತೂರಿನಿಂದ ತಂದದ್ದು ಇವರದೇ ಗಾಡಿ. ಕಲ್ಲು ಬಂತು, ಹಾರ ಬಂತು, ಭಾಷಣ ಬಂತು; ಸೇತುವೆ ಬರಲಿಲ್ಲ. ಈಗ ಆ ಕಲ್ಲಿನ ಮೇಲೆ ಊರವರು ಬಟ್ಟೆ ಒಗೆಯುತ್ತಾರೆ. ಮೇಲಾಗಿ, ತಂದೆಯವರು ಮದ್ರಾಸಿನವರಾಗಿ ಹುಟ್ಟಿ, ರಾಜ್ಯಗಳ ಗಡಿ ಬದಲಾದಾಗ, ಎಲ್ಲಿಗೂ ಹೋಗದೆ, ಕುಳಿತಲ್ಲಿಯೇ ಮೈಸೂರಿನವರಾದರು. ಜಾಲ್ಸೂರಿನಿಂದ ಆಚೆಗಿರುವ ತಾಯಿಯವರ ತವರು ಅದೇ ಹೊತ್ತಿನಲ್ಲಿ ಕೇರಳಕ್ಕೆ ಹೋಯಿತು. "ಒಂದು ಮಾತೂ ಕೇಳದೆ ಮಾವನ ಮನೆಯನ್ನೇ ಬೇರೆ ರಾಜ್ಯಕ್ಕೆ ಕೊಟ್ಟವರು ಮಾರಾಯ, ಅವರನ್ನು ಎಂತ ನಂಬುದು?" ಎಂಬ ಅವರ ಪ್ರಶ್ನೆಗೆ ನನ್ನ ಬಿ.ಎ. ಪಠ್ಯದಲ್ಲಿ ಉತ್ತರವಿರಲಿಲ್ಲ. ಆದುದರಿಂದ ನಾನು ಕಚೇರಿಯಿಂದ ಏನೇ ಸುದ್ದಿ ತಂದರೂ ಅವರದು ಒಂದೇ ಮಾತು: "ಪೇಪರಿನಲ್ಲಿ ಉಂಟಾ?" ಉಂಟು ಎಂದರೆ ಮುಗಿಯಿತು. ಪತ್ರಿಕೆಯವರು ಸುಳ್ಳು ಬರೆಯುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಸುಳ್ಳು ಹೇಳುವವ ದೊಡ್ಡ ಸ್ವರದಲ್ಲಿ ಹೇಳುದು. ಅಷ್ಟು ಸಣ್ಣ ಅಕ್ಷರದಲ್ಲಿ ಯಾರಾದರೂ ಸುಳ್ಳು ಬರೀತಾರಾ?" ಎಂದಿದ್ದರು.

ಮಂಗಳೂರಿನ ಪತ್ರಿಕೆಯು ಪುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಸುಳ್ಯಕ್ಕೆ ತಲುಪಿ, ನಿಲ್ದಾಣದ ಬಳಿಯ ಅದ್ರಾಮ ಬ್ಯಾರಿಗಳ ಅಂಗಡಿಯಲ್ಲಿ ಇಳಿಯುತ್ತಿತ್ತು. ಚಂದಾದಾರರ ಪತ್ರಿಕೆಗಳಲ್ಲಿ ಒಂದನ್ನು ಬಿಡಿಸಿ ಮೊದಲಿನಿಂದ ಕಡೆಯವರೆಗೆ ಓದಿ, ಪುನಃ ಮಡಚಿ ಕೊಡುವುದು ಬ್ಯಾರಿಗಳ ಪದ್ಧತಿ. ನಮ್ಮ ಪ್ರತಿಯಲ್ಲಿ ಎಷ್ಟೋ ಸಲ ಅವರ ಸುಣ್ಣದ ಬೆರಳಿನ ಗುರುತು ಇರುತ್ತಿತ್ತು. ಈ ಗುರುತು ನನಗೆ ಎಚ್ಚರಿಕೆಯಾಗಬೇಕಿತ್ತು. ಆಗಲಿಲ್ಲ.

ಸಂಜೆ ಮನೆಗೆ ಬಂದು ಕಾಲು ತೊಳೆದ ಕೂಡಲೇ ಪತ್ರಿಕೆಯನ್ನು ತುಳುವಿನಲ್ಲಿ ಓದಿ ಹೇಳುವುದು ನನ್ನ ಕರ್ತವ್ಯ. ಮೊದಮೊದಲು ಆಯಾಸದಿಂದ ಒಂದೆರಡು ಸಾಲು ಬಿಡುತ್ತಿದ್ದೆ. ಬಿಡುವುದು ಅಭ್ಯಾಸವಾದ ಮೇಲೆ ಸೇರಿಸುವುದು ಕಷ್ಟವಲ್ಲ ಎಂಬುದು ತಿಳಿಯಿತು. ತಂದೆಯವರು ಗಾಡಿಯ ಕಾಲದ ರೂಢಿಯಂತೆ ನಸುಕಿನಲ್ಲಿಯೇ ಎದ್ದು ಮನೆಯವರನ್ನೆಲ್ಲ ಕೆಮ್ಮಿ ಎಬ್ಬಿಸುತ್ತಿದ್ದರು. ಒಂದು ದಿನ ನಾನು, ಆಹಾರ ಮಂತ್ರಿಗಳ ಭಾಷಣದ ನಡುವೆ, ಇತರರನ್ನು ನಸುಕಿನಲ್ಲಿ ಎಬ್ಬಿಸುವವರಿಗೆ ಮೊಣಕಾಲಿನ ನರ ಹಿಡಿಯುತ್ತದೆಂದು ದೆಹಲಿಯ ವೈದ್ಯರು ಕಂಡುಹಿಡಿದ ವಾರ್ತೆಯನ್ನು ಓದಿದೆ. ಮರುದಿನ ಮನೆ ಆರೂವರೆಯವರೆಗೆ ನಿಶ್ಶಬ್ದವಾಗಿತ್ತು. ಬಳಿಕ, ಸೊಸೆಯಂದಿರನ್ನು ವರ್ಷಕ್ಕೆ ಎರಡು ಬಾರಿ ತವರಿಗೆ ಕಳುಹಿಸುವ ಪದ್ಧತಿ ಅಮೆರಿಕದಲ್ಲಿ ಆರಂಭವಾಯಿತು. ನನ್ನ ಹೆಂಡತಿ ಗಿರಿಜೆ ಸಂತೋಷದಿಂದ ಹೋಗಿಬಂದಳು. ಕೊನೆಯದಾಗಿ, ಉಂಡ ಬಟ್ಟಲನ್ನು ತಾವೇ ತೊಳೆಯುವ ಗಂಡಸರ ಜೀರ್ಣಶಕ್ತಿ ಹೆಚ್ಚುತ್ತದೆಂದು ವಿದ್ವಾಂಸರು ಅಭಿಪ್ರಾಯಪಟ್ಟರು. ತಂದೆಯವರು ಅಂದಿನಿಂದ ಬಟ್ಟಲು ಹಿಡಿದುಕೊಂಡು ಬಾವಿಕಟ್ಟೆಗೆ ಹೋಗತೊಡಗಿದರು. ತಾಯಿಯವರು ಒಲೆಯ ಮುಂದೆ ನಮಗೆ ಬೆನ್ನು ಹಾಕಿ ಕುಳಿತಿದ್ದರು. ಆ ಬೆನ್ನು ಸ್ವಲ್ಪ ಅಲುಗಿದಂತೆ ಕಂಡಿತ್ತು, ಹೊಗೆಗೆ ಕೆಮ್ಮು ಬಂದಿರಬೇಕೆಂದುಕೊಂಡೆ. ಯಾವ ಸರಕಾರದಿಂದಲೂ ಆಗದ ಸುಧಾರಣೆಯನ್ನು ನಾನು ಜಗಲಿಯಲ್ಲಿ ಕುಳಿತು ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನಗಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಗುಂಡ್ಯದ ಕಡೆಯಿಂದ ಸಿಡುಬಿನ ಸುದ್ದಿ ಬಂತು. ಸೋಮವಾರ ಗುಂಡ್ಯದಲ್ಲಿದ್ದದ್ದು ಮಂಗಳವಾರ ಬಸ್ಸಿನವರ ಬಾಯಲ್ಲಿ ಕಡಬಕ್ಕೆ ತಲುಪಿತ್ತು. ನನ್ನ ಮಗಳಿಗೆ ಆಗ ಹನ್ನೊಂದು ತಿಂಗಳು. ಗುರುವಾರ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ದಾಕು ಹಾಕುತ್ತಾರೆಂದು ಕಚೇರಿಗೆ ಸುತ್ತೋಲೆ ಬಂತು. ತೋಳನ್ನು ಗೀರಿ ಸಿಡುಬಿನ ಮದ್ದು ಹಚ್ಚುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಂದು ಸಣ್ಣ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ: ನಾಲ್ಕನೆಯ ತರಗತಿಯಲ್ಲಿ ದಾಕಿನವರು ಬಂದಾಗ ನಾನು ಕಿಟಕಿಯಿಂದ ಹಾರಿ ಓಡಿದ್ದೆ, ಮತ್ತು ಅದರ ಹಿಂದಿನ ವಾರ ಕಚೇರಿಯಲ್ಲಿ ನೌಕರರಿಗೆಲ್ಲ ಹಾಕಿದ ದಿನ ಕಡತ ಹುಡುಕುವ ನೆಪದಲ್ಲಿ ಒಳಕೋಣೆಯಲ್ಲಿದ್ದು, ಆಮೇಲೆ ರಿಜಿಸ್ಟರಿನಲ್ಲಿ 'ಹಾಕಿಸಿಕೊಂಡಿದ್ದೇನೆ' ಎಂಬಲ್ಲಿ ಅಂದವಾಗಿ ಸಹಿ ಮಾಡಿದ್ದೆ.

ಮಂಗಳವಾರ ಸಂಜೆ, ಕೈಯಲ್ಲಿ ಪತ್ರಿಕೆ ಹಿಡಿದು ಅವಸರವಾಗಿ ಮನೆಗೆ ಬಂದೆ. ಗುರುವಾರದ ಪ್ರಕಟಣೆ ಅದರಲ್ಲಿ ನಿಜವಾಗಿಯೂ ಅಚ್ಚಾಗಿತ್ತು. ತಂದೆಯವರು ಗಾಡಿಯ ಮೂಕಿಯ ಮೇಲೆ, ಮನೆಗೆ ಬೆನ್ನು ಹಾಕಿ ಕುಳಿತಿದ್ದರು.

ನಡೆದದ್ದು ಇಷ್ಟು. ಅಂದು ಮಧ್ಯಾಹ್ನ ಅವರು ಪೇಟೆಗೆ ಹೋಗಿದ್ದಾಗ, ಅದ್ರಾಮ ಬ್ಯಾರಿಗಳು ಅಜೀರ್ಣವೆಂದು ಹೊಟ್ಟೆ ಒತ್ತಿಕೊಂಡಿದ್ದರು. ಪರೋಪಕಾರಿಯಾದ ತಂದೆಯವರು ಬಟ್ಟಲಿನ ಚಿಕಿತ್ಸೆ ತಿಳಿಸಿದರು. "ಯಾವ ದಿನದ ಪೇಪರಿನಲ್ಲಿ ಐತಪ್ಪಣ್ಣ? ನನ್ನ ಕಣ್ಣಿಗೆ ಬೀಳಲಿಲ್ಲ ಅಲ್ಲ" ಎಂದರು ಬ್ಯಾರಿಗಳು. ಅಕ್ಷರ ಬಾರದವರ ನೆನಪು ಬಲು ಗಟ್ಟಿ. "ಪೆರಾಜೆ ತಿರುವಿನಲ್ಲಿ ಬಸ್ಸಿನ ಚಕ್ರ ಕಳಚಿ ಬಿತ್ತಲ್ಲ, ಅದರ ಮರುದಿನದ್ದು" ಎಂದರು ತಂದೆಯವರು. ಬ್ಯಾರಿಗಳು ಸಾಮಾನು ಕಟ್ಟಲು ಇಟ್ಟುಕೊಂಡಿದ್ದ ರಾಶಿಯಿಂದ ಅದನ್ನೇ ಎಳೆದು, ತಲೆಬರಹದಿಂದ ಹಿಡಿದು ಮುದ್ರಕರ ಹೆಸರಿನವರೆಗೆ ಓದಿ ಹೇಳಿದರು. ಬಟ್ಟಲು ಎಲ್ಲಿಯೂ ಇರಲಿಲ್ಲ. ಅಂಗಡಿಯಲ್ಲಿದ್ದ ನಾಲ್ಕು ಮಂದಿ ನಕ್ಕರಂತೆ.

"ಅಪ್ಪ, ಗುರುವಾರ ದಾಕು ಹಾಕ್ತಾರೆ. ಇದು ಪೇಪರಿನಲ್ಲಿ ಉಂಟು" ಎಂದೆ.

"ಇದನ್ನು ಯಾರು ಬರೆದದ್ದು? ನೀನಾ, ಪೇಪರಿನವರಾ?"

"ಇಲ್ಲಿ ನೋಡಿ, ಈ ಸಾಲು."

"ನೋಡಿ ಎಂತ ಮಾಡುದು? ನನಗೆ ಅದು ಇರುವೆ ಸಾಲು. ಸರಕಾರವನ್ನು ನಾನು ಮೊದಲೇ ನಂಬಿದವನಲ್ಲ. ಪೇಪರನ್ನು ನಂಬಿದ್ದೆ. ಅದನ್ನು ನೀನು ತೆಗೆದೆ. ಇನ್ನು ಸೂಜಿ ಹಾಕಿ ಅಂತ ಮಗುವಿನ ಕೈಯನ್ನು ಯಾರ ಮಾತಿನ ಮೇಲೆ ಕೊಡುದು ನಾನು?"

ಗಿರಿಜೆಯನ್ನು ಕೇಳಿದೆ. "ಮಾವ ಹೂಂ ಅನ್ನದೆ ನಾನು ಮೆಟ್ಟಲು ಇಳಿಯುವವಳಲ್ಲ. ಅಮೆರಿಕದ ಪದ್ಧತಿಯೂ ನಿಮ್ಮದೇ ಅಂತೆ?" ಎಂದಳು. ನಾನು ಮಗುವಿನ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಕಾಲು ಗಂಟೆಯ ನಂತರ ಪುನಃ ಮುಟ್ಟಿದೆ. ಅದು ನಗುತ್ತಿತ್ತು.

ಬುಧವಾರ ಕಚೇರಿಯಲ್ಲಿ ಒಂದೇ ಕಾಗದವನ್ನು ಎರಡು ಕಡತಗಳಿಗೆ ಸೇರಿಸಲು ಪ್ರಯತ್ನಿಸಿ ಬೈಸಿಕೊಂಡೆ. ಕುಳಿತರೆ ಎದ್ದು ನಿಲ್ಲಬೇಕೆನ್ನಿಸುತ್ತಿತ್ತು, ನಿಂತರೆ ಬಸ್ ನಿಲ್ದಾಣಕ್ಕೆ ಹೋಗಿ ಸಿಡುಬು ಎಲ್ಲಿಯವರೆಗೆ ಬಂತೆಂದು ಕೇಳಬೇಕೆನ್ನಿಸುತ್ತಿತ್ತು. ಕೇಳಿದೆ. ಆಲಂಕಾರಿನವರು ಕಡಬದಲ್ಲಿ ಎಂದರು, ಕಡಬದವರು ಆಲಂಕಾರಿನಲ್ಲಿ ಎಂದರು. ಮಧ್ಯಾಹ್ನ ಬ್ಯಾರಿಗಳ ಅಂಗಡಿಗೆ ಓಡಿ, ಆ ಪ್ರಕಟಣೆಯನ್ನು ತಾವೇ ತಂದೆಯವರಿಗೆ ಓದಿ ಹೇಳಬೇಕೆಂದು ಕೈಮುಗಿದೆ.

"ಬೆಳಿಗ್ಗೆಯೇ ಓದಿ ಹೇಳಿದೆ ಮಾರಾಯ್ರೆ," ಎಂದು ಬ್ಯಾರಿಗಳು ನಿಟ್ಟುಸಿರು ಬಿಟ್ಟರು. "ನನ್ನ ಮೊಮ್ಮಕ್ಕಳಿಗೆ ಮೊದಲೇ ಹಾಕಿಸಿದ್ದೂ ಹೇಳಿದೆ. ಐತಪ್ಪಣ್ಣ ಎಂತ ಹೇಳಿದ್ರು ಗೊತ್ತುಂಟಾ? 'ನಿನ್ನೆ ನನ್ನ ಮಗನ ಸುಳ್ಳು ತೋರಿಸಿ ಕೊಟ್ಟದ್ದು ನೀವು. ಇವತ್ತು ಅವನ ಮಾತನ್ನೇ ಹೇಳ್ತೀರಿ. ನಿಮ್ಮಿಬ್ಬರಿಗೂ ರಾಜಿ ಆಗಿರಬೇಕು' ಅಂತ! ನೀವು ಬಿ.ಎ. ಕಲಿತದ್ದು ಬಟ್ಟಲು ತೊಳೆಸುದಕ್ಕಾ?"

ಆ ಸಂಜೆ ನಾನು ಜಗಲಿಯಲ್ಲಿ ಕುಳಿತು, ಯಾರೂ ಕೇಳದಿದ್ದರೂ, ಪ್ರಕಟಣೆಯನ್ನು ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ ಓದಿದೆ. ತಂದೆಯವರು ಮೂಕಿಯ ಮೇಲಿಂದ ತಿರುಗಿ ನೋಡಲಿಲ್ಲ. ನನ್ನ ನಿರರ್ಗಳವಾದ ಓದೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆಗ ತಾಯಿಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಕೊಡು ಇಲ್ಲಿ" ಎಂದು ಪತ್ರಿಕೆಯನ್ನು ತೆಗೆದುಕೊಂಡರು. ಒಲೆ ಹೊತ್ತಿಸಲು ಇರಬೇಕೆಂದು ಭಾವಿಸಿದೆ. ಅವರು ಹೊಸ್ತಿಲ ಮೇಲೆ ಕುಳಿತು, ಹಾಳೆಯನ್ನು ದೂರ ಹಿಡಿದು, ಅಕ್ಷರದ ಕೆಳಗೆ ಬೆರಳಿಟ್ಟರು.

"ಸಾ... ರ್ವ... ಸಾರ್ವ... ಜ... ನಿ... ಕರಿಗೆ."

ತಂದೆಯವರು ಮೂಕಿಯಿಂದ ಇಳಿದರು. "ನಿನಗೆ ಓದಲಿಕ್ಕೆ ಬರ್ತದಾ?"

"ತವರಿನಲ್ಲಿ ಮೂರನೇ ಕ್ಲಾಸಿನವರೆಗೆ ಹೋಗಿದ್ದೇನೆ. ಈ ಮೂವತ್ತು ವರ್ಷದಲ್ಲಿ ನೀವು ಕೇಳಿದ್ದುಂಟಾ?"

"ಎಲ್ಲಿ ಓದುದು ನೀನು?"

"ಡಬ್ಬಿಯ ಅಡಿಗೆ ಹಾಸುವ ಪೇಪರು ಯಾವುದು? ಇವ ಓದಿ ಬಿಟ್ಟದ್ದೇ ಅಲ್ವಾ?"

ತಂದೆಯವರು ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದ್ರೆ ಆ ಬಟ್ಟಲಿನದ್ದು ಸುಳ್ಳು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಒಳ್ಳೆ ಸುದ್ದಿ, ಯಾಕೆ ಹಾಳು ಮಾಡುದು ಅಂತ ಸುಮ್ಮನಿದ್ದೆ. ಈಗ ಕೇಳ್ತೀರಾ ಇಲ್ವಾ? ಇದು ಮಗುವಿನ ಜೀವದ ವಿಷಯ."

ಅವರು ಓದಿದರು. 'ಆರೋಗ್ಯ' ಎಂಬಲ್ಲಿ ಎರಡು ಸಲ ಎಡವಿದರು, 'ಪ್ರತಿಬಂಧಕ' ಎಂಬ ಪದವನ್ನು ಮೂರು ತುಂಡು ಮಾಡಿ ಒಂದನ್ನು ಕಳೆದುಕೊಂಡರು. ಅವರು ಎಡವಿದಾಗಲೆಲ್ಲ ತಂದೆಯವರು ಒಂದು ಹೆಜ್ಜೆ ಹತ್ತಿರ ಬಂದರು. ಇಷ್ಟು ಕಷ್ಟಪಟ್ಟು ಯಾರೂ ಸುಳ್ಳು ಹೇಳಲಾರರು ಎಂಬ ನಂಬಿಕೆ ಅವರ ಮುಖದಲ್ಲಿ ಬೆಳೆಯುವುದನ್ನು ನಾನು ಕಣ್ಣಾರೆ ಕಂಡೆ. ಗುರುವಾರ, ಶಾಲೆ, ಎಂಟು ಗಂಟೆ, ಮಕ್ಕಳು, ದೊಡ್ಡವರು, ಎಲ್ಲವೂ ಮುಗಿದವು. ಪ್ರಕಟಣೆಯೂ ಮುಗಿದಿತ್ತು, ಅದರ ಕೆಳಗೆ ಕೇಶತೈಲದ ಜಾಹೀರಾತು. ತಾಯಿಯವರ ಬೆರಳು ತೈಲದ ಬಾಟಲಿಯ ಮೇಲೆ ನಿಂತಿತು.

"ಮನೆಯಲ್ಲಿ ಕಲಿತ ಮಗ ಇದ್ದರೆ ಅವನಿಗೆ ಮೊದಲು ಹಾಕಬೇಕು, ಅವನಿಗೆ ಹಾಕಿ ಆದ ಮೇಲೆಯೇ ಉಳಿದವರಿಗೆ."

ಈ ವಾಕ್ಯವನ್ನು ಮಾತ್ರ ಅವರು ಒಂದು ಕಡೆಯೂ ತಡವರಿಸದೆ ಓದಿದರು.

ನಾನು ಬಾಯಿ ತೆರೆದೆ. ಹಾಗೆ ಬರೆದಿಲ್ಲ ಎಂದರೆ ಉಳಿದದ್ದೂ ಹೋಗುತ್ತಿತ್ತು, ಅದರೊಂದಿಗೆ ಗುರುವಾರವೂ. ಚಿಕ್ಕಂದಿನಲ್ಲಿ ನನಗೆ ಎಣ್ಣೆ ಹಚ್ಚಿ ಮೀಯಿಸಿದವರಿಗೆ ನನ್ನ ತೋಳಿನಲ್ಲಿ ದಾಕಿನ ಕಲೆಯಿಲ್ಲವೆಂಬುದು ತಿಳಿಯದಿರುತ್ತದೆಯೇ? ಬಾಯಿ ಮುಚ್ಚಿದೆ. ತಂದೆಯವರು, "ಅದು ಸರಿ. ಅದು ನ್ಯಾಯವಾಗಿ ಉಂಟು" ಎಂದರು.

ಗುರುವಾರ ಶಾಲೆಯಲ್ಲಿ ಸಾಲಿನ ಮುಂದೆ ನನ್ನನ್ನು ನಿಲ್ಲಿಸಿ, ಹಿಂದೆ ತಂದೆಯವರು ನಿಂತರು. ನಾಲ್ಕನೆಯ ತರಗತಿಯ ಕಿಟಕಿ ಕಾಣುತ್ತಿತ್ತು. ಈಗ ಅದಕ್ಕೆ ಸರಳು ಹಾಕಿದ್ದರು. ದಾಕಿನವರು ಪಟ್ಟಿ ತಿರುವಿ ನನ್ನನ್ನು ಗುರುತಿಸಿದರು. "ನಿಮ್ಮದು ಕಚೇರಿಯಲ್ಲಿ ಆಗಿದೆಯಲ್ಲ, ರಿಜಿಸ್ಟರಿನಲ್ಲಿ ಉಂಟು" ಎಂದರು. ನಾನು ಉತ್ತರಿಸುವ ಮೊದಲೇ ತಂದೆಯವರು ನನ್ನ ಅಂಗಿಯ ತೋಳನ್ನು ಹೆಗಲಿನವರೆಗೆ ಮಡಚಿದರು.

"ಸರಕಾರದ ಪುಸ್ತಕದಲ್ಲಿ ಇರಬಹುದು ಮಾರಾಯ್ರೆ. ಕೈಯಲ್ಲಿ ಇಲ್ಲ. ಹಾಕಿ."

ನಾನು ಕೂಗಿದೆನೆಂದು ಗಿರಿಜೆ ಹೇಳುತ್ತಾಳೆ. ಮಗು ಕೂಗಲಿಲ್ಲ.

ಆ ಬಳಿಕ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇಷ್ಟೇ. ಸಿಡುಬು ನಮ್ಮ ಊರಿಗೆ ಬಂತು, ಮೂರು ಮನೆಗಳನ್ನು ಹೊಕ್ಕಿತು. ನಮ್ಮ ಮನೆಗೆ ಬರಲಿಲ್ಲ. ಮಗಳ ತೋಳಿನಲ್ಲಿ ಎರಡು ಕಲೆಗಳಿವೆ, ನನ್ನ ತೋಳಿನಲ್ಲಿ ಎರಡು. ತಂದೆಯವರು ಈಗಲೂ ಬಟ್ಟಲು ತೊಳೆಯುತ್ತಾರೆ. ಸುಳ್ಳಾದರೂ ಜೀರ್ಣವಾಗುತ್ತಿರುವುದು ನಿಜವಂತೆ. ಸಂಜೆಯ ಪತ್ರಿಕೆಯನ್ನು ತಾಯಿಯವರು ಓದುತ್ತಾರೆ, ನಾನು ತಂದುಕೊಡುತ್ತೇನೆ. ಕಳೆದ ತಿಂಗಳು ಅದರಲ್ಲಿ, ಪದವೀಧರರು ಬೆಳಿಗ್ಗೆ ಇಪ್ಪತ್ತು ಕೊಡ ನೀರು ಸೇದಿದರೆ ಬೆನ್ನಿಗೆ ಬಲ ಬರುತ್ತದೆಂಬ ವಾರ್ತೆ ಬಂದಿತ್ತು. ಅವರು ಅದನ್ನು ತಡವರಿಸದೆ ಓದಿದರು. ಆ ದಿನದ ಪತ್ರಿಕೆ ಇನ್ನೂ ಡಬ್ಬಿಯ ಅಡಿಯಲ್ಲಿದೆ. ನಾನು ತೆಗೆದು ನೋಡಿಲ್ಲ. ನೀರು ಸೇದುತ್ತಿದ್ದೇನೆ.